ದಿನಕ್ಕೆ ಎಷ್ಟು ಹೊರೆ

ಜೂನ್ ೧೨

ಪ್ರೀತಿಯ ಅಕ್ಕ,

ನಿಮ್ಮ ಮನೆಯಿಂದ ಹೊರಟು ಮೂರು ತಿಂಗಳಾದ ಮೇಲೆ ಮೊದಲ ಪತ್ರ ಬರೆಯುತ್ತಿದ್ದೇನೆ. ಬೈಯುವುದಿದ್ದರೆ ಬೈದುಬಿಡಿ. ಜೌಗಿನ ನಡುವೆ ಫೋನಿಗೆ ಸಿಗ್ನಲ್ ಇಲ್ಲ ಅನ್ನುವ ನೆಪ ನನಗೂ ಇದೆ, ಆದರೆ ಪತ್ರ ಹಾಕಲು ಅದೇನೂ ಅಡ್ಡ ಬರಲಿಲ್ಲ. ವರದಿ ಮುಗಿಸದೆ ಯಾರಿಗೂ ಮುಖ ತೋರಿಸಬಾರದೆಂದು ಹಟ ಹಿಡಿದು ಕೂತಿದ್ದೆ. ನಿನ್ನೆ ಮುಗಿಯಿತು. ನೂರ ಎಂಬತ್ತು ಪುಟ.

ಸಂಸ್ಥೆಯ ಮೂರನೇ ಮಹಡಿಯಲ್ಲಿ ನನ್ನ ಕೋಣೆ. ಒಂದೇ ಕಿಟಕಿ, ಅದರಾಚೆ ಪಕ್ಕದ ಕಟ್ಟಡದ ಗೋಡೆ. ಎಂಟು ತಿಂಗಳು ನಿಮ್ಮ ಜಗಲಿಯ ಮೇಲೆ ಕೂತು ಜೊಂಡಿನ ಮೇಲೆ ಗಾಳಿ ಓಡಾಡುವುದನ್ನು ನೋಡಿದವಳಿಗೆ ಈ ಗೋಡೆ ನೋಡಿದರೆ ತಲೆ ಕೆಡುತ್ತದೆ. ನೀವು ನೇಯ್ದುಕೊಟ್ಟ ಜೊಂಡಿನ ಚಾಪೆಯನ್ನು ಮೇಜಿನ ಕೆಳಗೆ ಹಾಸಿ ಚಪ್ಪಲಿ ಬಿಟ್ಟು ಕಾಲಿಟ್ಟುಕೊಂಡು ಕೂರುತ್ತೇನೆ. ನಮ್ಮ ಮುಖ್ಯಸ್ಥರು ನೋಡಿ ನಕ್ಕರು.

ಜೌಗು ಮತ್ತು ಅದನ್ನು ನಂಬಿದ ಜನ ಒಬ್ಬರನ್ನೊಬ್ಬರು ಹೇಗೆ ಸಾಕುತ್ತಾರೆ ಅನ್ನುವುದನ್ನು ತಿಳಿಯುವುದು ನನ್ನ ಕೆಲಸವಾಗಿತ್ತಲ್ಲ, ಅದನ್ನೆಲ್ಲ ಬರೆದಿದ್ದೇನೆ. ನೀರಿಳಿದ ಮೇಲೆ ಅಕ್ಟೋಬರಿನಿಂದ ಜೊಂಡಿನ ಕೊಯ್ಲು ಶುರುವಾಗುವುದು, ಯಾವ ಬುಡವನ್ನು ಬಿಡಬೇಕೆಂದು ನಿಮ್ಮ ಅತ್ತೆ ಕಾಲಿನಿಂದಲೇ ಮುಟ್ಟಿ ಹೇಳುವುದು, ಎಲ್ಲ. ನಲವತ್ತಾರು ಜನ ಕೊಯ್ಯುವವರು ದಿನಕ್ಕೆ ಎಷ್ಟೆಷ್ಟು ಹೊರೆ ಕೊಯ್ಯುತ್ತೀರಿ ಅನ್ನುವ ಪಟ್ಟಿಯೇ ವರದಿಯ ಬೆನ್ನೆಲುಬು ಎಂದು ಮುಖ್ಯಸ್ಥರು ಹೇಳಿದರು. ವರದಿ ಈಗ ಜೌಗಿನ ರಕ್ಷಣಾ ಸಮಿತಿಗೆ ಹೋಗುತ್ತದೆ. ಜೌಗಿಗೆ ಏನು ಮಾಡಬೇಕೆಂದು ಅವರು ತೀರ್ಮಾನಿಸುತ್ತಾರೆ. ಒಳ್ಳೆಯದೇ ಆಗುತ್ತದೆ.

ಅತ್ತೆಯವರಿಗೆ ನನ್ನ ನಮಸ್ಕಾರ ಹೇಳಿ.

ನಿಮ್ಮ ಲೆಕ್ಕದಮ್ಮ

ಜೂನ್ ೩೦

ಲೆಕ್ಕದಮ್ಮನಿಗೆ,

ಬೈಯಬೇಕೆಂದು ಮೂರು ತಿಂಗಳಿಂದ ಕೂಡಿಟ್ಟಿದ್ದ ಬೈಗುಳವೆಲ್ಲ ನಿನ್ನ ಪತ್ರ ನೋಡಿದ ಕೂಡಲೇ ಮರೆತುಹೋಯಿತು. ಏಳನೇ ತರಗತಿಯವರೆಗೆ ಓದಿದ್ದಕ್ಕೆ ಈ ಊರಿನ ಅರ್ಜಿಗಳನ್ನೆಲ್ಲ ಬರೆಯುವುದು ನನ್ನ ತಲೆಗೆ ಬಿದ್ದಿದೆ. ನನಗೇ ಅಂತ ಬಂದ ಪತ್ರ ಇದೇ ಮೊದಲು. ದೋಣಿಯವನು ಅದನ್ನು ತಲೆಯ ಮೇಲೆ ಹಿಡಿದುಕೊಂಡು ಬಂದ. ಊರಿಗೆ ಊರೇ ನಮ್ಮ ಜಗಲಿಗೆ ಬಂತು, ನಾನು ಗಟ್ಟಿಯಾಗಿ ಓದಿದೆ. ಅತ್ತೆಯ ಕಾಲಿನ ಮಾತು ಬಂದಾಗ ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ, ಕಾಲು ಮಡಚಿ ಸೆರಗಿನೊಳಗೆ ಮುಚ್ಚಿಕೊಂಡರು.

ಅವರದೊಂದು ಪ್ರಶ್ನೆ ಇದೆ. ತನ್ನ ಹೆಸರಿನ ಮುಂದೆ ಇಪ್ಪತ್ತು ಹೊರೆ ಅಂತ ಬರೆದಿದ್ದೀಯೋ ಇಲ್ಲವೋ ಕೇಳಬೇಕಂತೆ. ಈ ವಯಸ್ಸಿನಲ್ಲಿ ದಿನಕ್ಕೆ ಇಪ್ಪತ್ತು ಹೊರೆ! ನನಗೆ ನಗು ತಡೆಯಲಾಗಲಿಲ್ಲ. ಆದರೂ ಬರೆದಿದ್ದೀಯ ಅಂತ ಹೇಳಿಬಿಡು, ಹಿರಿಯ ಜೀವ ಸಂತೋಷಪಡಲಿ.

ನಮ್ಮ ಯಜಮಾನರು ದೋಣಿಗೆ ಹೊಸ ಹಲಗೆ ಹಾಕಿಸಿದ್ದಾರೆ. ಅಕ್ಟೋಬರಿನ ಕೊಯ್ಲಿಗೆ ಸಿದ್ಧವಾಗಿ ಕೂತಿದ್ದೇವೆ. ನೀರು ಈ ಸಲ ಹೆಚ್ಚಿದೆ, ಜೊಂಡು ಚೆನ್ನಾಗಿ ಬರುತ್ತದೆ. ಕೊಯ್ಲಿಗೆ ಬಾ, ಈ ಸಲ ಪುಸ್ತಕ ಬಿಟ್ಟು ಬಾ. ಕುಡುಗೋಲು ಹಿಡಿಯಲು ನಿನಗೆ ಇನ್ನೂ ಸರಿಯಾಗಿ ಬಂದಿಲ್ಲ.

ಅಕ್ಕ

ಆಗಸ್ಟ್ ೧೮

ಪ್ರೀತಿಯ ಅಕ್ಕ,

ಹೋದ ವಾರ ಸಮಿತಿಯ ಸಭೆ ಆಯಿತು. ತಣ್ಣನೆಯ ದೊಡ್ಡ ಕೋಣೆ, ಉದ್ದ ಮೇಜು, ಎಲ್ಲರ ಮುಂದೆ ನೀರಿನ ಬಾಟಲಿ. ನನ್ನ ಪಟ್ಟಿಯನ್ನು ಗೋಡೆಯಷ್ಟಗಲದ ಪರದೆಯ ಮೇಲೆ ತೋರಿಸಿದರು. ಇಷ್ಟು ಮನೆಮನೆಯ ವಿವರ ತಂದವರು ಇದುವರೆಗೆ ಯಾರೂ ಇಲ್ಲ ಎಂದು ಅಧ್ಯಕ್ಷರು ಹೊಗಳಿದರು. ಮುಖ್ಯಸ್ಥರು ನನ್ನನ್ನು ಎದ್ದು ನಿಲ್ಲಿಸಿದರು.

ಜೊಂಡು ಬೆಳೆಯುವ ವೇಗ, ಕೊಯ್ಯುವ ವೇಗ, ವಲಸೆ ಬರುವ ಕಾಡುಬಾತುಗಳ ಸಂಖ್ಯೆ ಇವನ್ನೆಲ್ಲ ಒಟ್ಟಿಗಿಟ್ಟು ಬಹಳ ಹೊತ್ತು ಮಾತಾಡಿದರು. ಸ್ವಲ್ಪ ಕಾಲ ಕೆಲವು ನಿರ್ಬಂಧಗಳು ಬರಬಹುದು. ಏನು, ಎಷ್ಟು ಎಂದು ಇನ್ನೂ ಖಚಿತವಿಲ್ಲ. ಏನೇ ಬಂದರೂ ಜೌಗು ಉಳಿಯಲಿ ಅಂತಲೇ. ಜೌಗು ಉಳಿದರೆ ತಾನೇ ನೀವೂ ಉಳಿಯುವುದು?

ಅತ್ತೆಯವರ ಇಪ್ಪತ್ತು ಹೊರೆ ಬರೆದಿದ್ದೇನೆ, ಪರದೆಯ ಮೇಲೂ ಬಂತು. ಅವರಿಗೆ ತಿಳಿಸಿ. ಕೊಯ್ಲಿಗೆ ಬರಲು ರಜೆ ಕೇಳಬೇಕು, ಇನ್ನೂ ಕೇಳಿಲ್ಲ.

ನಿಮ್ಮ ಲೆಕ್ಕದಮ್ಮ

ಸೆಪ್ಟೆಂಬರ್ ೯

ಲೆಕ್ಕದಮ್ಮ,

ನಾಲ್ಕು ದಿನದ ಹಿಂದೆ ಮೋಟಾರು ದೋಣಿಯಲ್ಲಿ ಒಂಬತ್ತು ಜನ ಬಂದರು. ದಡದುದ್ದಕ್ಕೂ ಕಲ್ಲುಕಂಬ ನೆಟ್ಟರು. ತಂತಿ ಎಳೆದರು. ನಾವು ದೋಣಿ ಕಟ್ಟುವ ಜಾಗದಲ್ಲೇ ಒಂದು ಫಲಕ ನಿಲ್ಲಿಸಿದರು. ಇನ್ನು ಮುಂದೆ ಜೊಂಡು ಕೊಯ್ಯಬಾರದು, ಒಂದು ಕಡ್ಡಿಯನ್ನೂ ಮುಟ್ಟಬಾರದು. ಯಾಕೆ ಅಂದರೆ ನಾವು ದಿನಕ್ಕೆ ಏಳುನೂರು ಹೊರೆ ಕೊಯ್ಯುತ್ತೇವಂತೆ, ಹೀಗೇ ಬಿಟ್ಟರೆ ಆರು ವರ್ಷಕ್ಕೆ ಜೌಗು ಬರಿದಾಗುತ್ತದಂತೆ. ಎಲ್ಲರಿಗೂ ಓದಿ ಹೇಳಿದವಳು ನಾನೇ.

ಏಳುನೂರು ಎಲ್ಲಿಂದ ಬಂತು ಅಂತ ಮೊದಲು ನನಗೆ ತಿಳಿಯಲೇ ಇಲ್ಲ. ಆಮೇಲೆ ನಿನ್ನ ಪಟ್ಟಿ ನೆನಪಾಯಿತು. ನೀನು ಮನೆಮನೆಗೆ ಹೋಗಿ ಕೇಳಿದೆ, ಎಲ್ಲರೂ ಹೇಳಿದರು, ನೀನು ಹೇಳಿದಷ್ಟನ್ನೇ ಬರೆದುಕೊಂಡೆಯಾ? ಅರ್ಧ ಮಾಡಲಿಲ್ಲವಾ?

ನಮ್ಮಲ್ಲಿ ಜೌಗು ಕೊಟ್ಟದ್ದನ್ನು ಯಾರೂ ಕಡಿಮೆ ಮಾಡಿ ಹೇಳುವುದಿಲ್ಲ ಕಣೇ. ಇದ್ದಷ್ಟೇ ಹೇಳುವುದೂ ಇಲ್ಲ. ಹಾಗೆ ಹೇಳಿದರೆ ಕೊಟ್ಟ ಕೈಯ ಮುಂದೆಯೇ ಸಾಲದು ಅಂತ ಗೊಣಗಿದ ಹಾಗೆ. ಎಂಟು ಹೊರೆ ಕೊಯ್ದವಳು ಹದಿನಾರು ಅನ್ನುತ್ತಾಳೆ, ಕೇಳಿದವಳು ಮನಸ್ಸಿನಲ್ಲೇ ಎಂಟು ಅಂದುಕೊಳ್ಳುತ್ತಾಳೆ. ಹಲ್ಲು ಬಾರದ ಮಗುವಿಗೂ ಇದು ಗೊತ್ತು. ಅತ್ತೆ ದುಪ್ಪಟ್ಟಿಗೂ ನಿಲ್ಲುವುದಿಲ್ಲ, ನಾಲ್ಕು ಕೊಯ್ದರೆ ಇಪ್ಪತ್ತು ಅನ್ನುತ್ತಾರೆ, ವಯಸ್ಸಾದ ಹಾಗೆ ಜಂಬವೂ ಜಾಸ್ತಿ. ನಿನಗೂ ಗೊತ್ತಿದೆ ಅಂತಲೇ ನಾನು ತಿಳಿದಿದ್ದೆ. ಎಂಟು ತಿಂಗಳು ನಮ್ಮ ಮನೆಯಲ್ಲಿ ಉಂಡೆ, ಮಲಗಿದೆ. ದಡದ ಮೇಲಿನ ರಾಶಿಯನ್ನು ದಿನಾ ನೋಡಿದೆ.

ತಪ್ಪಾಗಿದೆ ಅಂತ ನಿನ್ನ ದೊಡ್ಡವರಿಗೆ ಇವತ್ತೇ ಹೇಳು. ಕೊಯ್ಲಿಗೆ ಒಂದು ತಿಂಗಳೂ ಉಳಿದಿಲ್ಲ. ಬೇರೆ ಕೆಲಸ ನಮಗೆ ಯಾರಿಗೂ ಬರುವುದಿಲ್ಲ.

ಅಕ್ಕ

ಸೆಪ್ಟೆಂಬರ್ ೨೭

ಅಕ್ಕ,

ನಿಮ್ಮ ಪತ್ರ ಬಂದು ಐದು ದಿನವಾಯಿತು. ನನಗೆ ಗೊತ್ತಿರಲಿಲ್ಲ. ನಿಮ್ಮಾಣೆ ಗೊತ್ತಿರಲಿಲ್ಲ. ನೀವು ಒಬ್ಬರೊಡನೊಬ್ಬರು ಲೆಕ್ಕ ಹೇಳಿಕೊಳ್ಳುವಾಗ ನಗುತ್ತಿದ್ದದ್ದು ನೆನಪಿದೆ. ಆ ನಗು ಯಾಕೆಂದು ನಾನು ಒಂದು ಸಲವೂ ಕೇಳಲಿಲ್ಲ. ಪ್ರಶ್ನೆ ಕೇಳುವುದೇ ಉದ್ಯೋಗವಾದವಳು ಕೇಳಬೇಕಾದ್ದೊಂದನ್ನು ಬಿಟ್ಟೆ.

ಮುಖ್ಯಸ್ಥರ ಬಳಿಗೆ ಹೋದೆ. ಅವರು ಕೋಪಗೊಳ್ಳಲಿಲ್ಲ, ಅದೇ ಕಷ್ಟವಾಯಿತು. ಒಬ್ಬರ ಪತ್ರ ಸಾಕ್ಷಿಯಾಗುವುದಿಲ್ಲ, ಏನಾದರೂ ಬರವಣಿಗೆಯಲ್ಲಿ ಬೇಕು ಎಂದರು. ಅಕ್ಕ, ಒಂದು ಕೆಲಸ ಮಾಡಿ. ನಲವತ್ತಾರು ಜನರೂ ನಿಜವಾಗಿ ಎಷ್ಟು ಹೊರೆ ಕೊಯ್ಯುತ್ತಾರೆಂದು ಒಂದು ಹಾಳೆಯಲ್ಲಿ ಬರೆದು, ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿ ಕಳಿಸಿ. ನಾನೇ ಸಮಿತಿಗೆ ಒಯ್ದು ಕೊಡುತ್ತೇನೆ.

ಎಲ್ಲ ಸರಿ ಮಾಡುತ್ತೇನೆ, ನನ್ನನ್ನು ನಂಬಿ.

ಲೆಕ್ಕದಮ್ಮ

ಅಕ್ಟೋಬರ್ ೨೦

ಲೆಕ್ಕದಮ್ಮ,

ಹಾಳೆ ಇದರ ಜೊತೆಗಿದೆ. ಇದನ್ನು ಬರೆಸುವಷ್ಟರಲ್ಲಿ ನನ್ನ ಹೆಣ ಬಿತ್ತು. ಯಾರೂ ಬಾಯಿ ಬಿಡಲೊಲ್ಲರು. ಕೊನೆಗೆ ಎಲ್ಲರನ್ನೂ ನಮ್ಮ ಮನೆಯೊಳಗೆ ಕರೆದು ಬಾಗಿಲು ಹಾಕಿ, ಜೌಗಿನ ಕಡೆಯ ಕಿಟಕಿಗೆ ಚಾಪೆ ಕಟ್ಟಿದೆ. ಒಬ್ಬೊಬ್ಬರೇ ಬಂದು ನನ್ನ ಕಿವಿಯಲ್ಲಿ ಹೇಳಿದರು. ಹೆಬ್ಬೆಟ್ಟು ಒತ್ತಿದ ಕೂಡಲೇ ಬೆರಳಿನ ಮಸಿ ಒರೆಸಿಕೊಂಡರು. ಅತ್ತೆ ಮಾತ್ರ ಹೇಳಲೇ ಇಲ್ಲ. ಗೋಡೆಯ ಕಡೆ ತಿರುಗಿ ನಾಲ್ಕು ಬೆರಳು ತೋರಿಸಿದರು.

ಫಲಕದ ಪಕ್ಕದಲ್ಲಿ ಈಗ ಒಬ್ಬ ಕಾವಲುಗಾರ ಇದ್ದಾನೆ. ಈಜು ಬಾರದವನನ್ನು ನೀರಿನ ಕಾವಲಿಗೆ ಕಳಿಸಿದ್ದಾರೆ. ದೋಣಿ ಹತ್ತುವಾಗ ಅತ್ತೆ ಅವನ ಕೈ ಹಿಡಿಯಬೇಕು. ಅವನಿಗೆ ನಮ್ಮಲ್ಲೇ ಊಟ. ಒಳ್ಳೆಯವನೇ, ನಮ್ಮ ಕಡೆ ನೋಡುವಾಗ ತಲೆ ತಗ್ಗಿಸುತ್ತಾನೆ. ತಲೆ ತಗ್ಗಿಸಿದರೆ ಕೊಯ್ಲು ಆಗುತ್ತದೆಯೇ?

ಹಳೆಯ ಜೊಂಡಿನ ಕಂತೆ ಇನ್ನೆರಡು ತಿಂಗಳು ಚಾಪೆ ನೇಯಲು ಸಾಕು. ಯಜಮಾನರು ಪೇಟೆಗೆ ಹೋಗಿದ್ದಾರೆ, ಅಲ್ಲೊಂದು ಗೋದಾಮಿನಲ್ಲಿ ಮೂಟೆ ಇಳಿಸುವ ಕೆಲಸವಂತೆ. ಎರಡು ವಾರಕ್ಕೆ ಬರುತ್ತೇನೆ ಅಂದರು. ಹೊಸ ಹಲಗೆಯ ದೋಣಿ ದಡದಲ್ಲಿ ಒಣಗುತ್ತಿದೆ. ಊರಿನವರು ನಿನ್ನ ಬಗ್ಗೆ ಏನೇನೋ ಅನ್ನುತ್ತಾರೆ, ನಾನು ಅವರ ಬಾಯಿ ಮುಚ್ಚಿಸುತ್ತಿದ್ದೇನೆ. ಬೇಗ ಬರೆ.

ಅಕ್ಕ

ನವೆಂಬರ್ ೨೨

ಅಕ್ಕ,

ನೀವು ಕಳಿಸಿದ ಹಾಳೆಯನ್ನು ಸಮಿತಿಯ ಮುಂದಿಟ್ಟೆ. ಅಧ್ಯಕ್ಷರು ಕನ್ನಡಕ ಹಾಕಿಕೊಂಡು ಮೇಲಿನಿಂದ ಕೆಳಗಿನವರೆಗೆ ಓದಿದರು. ಆಮೇಲೆ ಹೇಳಿದ್ದು ಇಷ್ಟು: "ನಿಷೇಧ ಬಂದ ಮೇಲೆ ಎಲ್ಲರೂ ಕಮ್ಮಿನೇ ಹೇಳ್ತಾರಮ್ಮ. ಮೊದಲು ಹೇಳಿದ್ದನ್ನ ನಂಬೋಣವೋ, ಕೆಲಸ ಕಳ್ಕೊಂಡ ಮೇಲೆ ಹೇಳಿದ್ದನ್ನ ನಂಬೋಣವೋ, ನೀನೇ ಹೇಳು." ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ.

ಇನ್ನೊಂದು ವಿಷಯ ನಿಮ್ಮಿಂದ ಮುಚ್ಚಿಟ್ಟಿದ್ದೆ. ಇನ್ನು ಮುಚ್ಚಿಡಲಾರೆ. ಹೋದ ಜನವರಿಯಲ್ಲಿ ಹನ್ನೊಂದು ದಿನ ನಾನು ದಡದಲ್ಲಿ ನಿಂತು ಬಂದ ಹೊರೆಗಳನ್ನೆಲ್ಲ ಎಣಿಸಿದ್ದೆ. ನೆನಪಿದೆಯೇ, ಬಿಸಿಲಿಗೆ ತಲೆ ಸುತ್ತಿ ಬಿದ್ದದ್ದು? ಆ ಪುಸ್ತಕ ನನ್ನ ಕಪಾಟಿನಲ್ಲೇ ಇದೆ. ಒಂದು ದಿನ ಮುನ್ನೂರ ನಲವತ್ತು, ಒಂದು ದಿನ ಮುನ್ನೂರ ಅರವತ್ತು. ಯಾವ ದಿನವೂ ನಾನೂರು ಮುಟ್ಟಲಿಲ್ಲ. ನೀವೆಲ್ಲ ಬಾಯಲ್ಲಿ ಹೇಳಿದ್ದು ಏಳುನೂರು. ಉಳಿದದ್ದು ಎಲ್ಲೋ ಬೇರೆ ದಡಕ್ಕೆ ಹೋಗುತ್ತಿರಬೇಕು, ನನ್ನ ಎಣಿಕೆಯೇ ತಪ್ಪಿರಬೇಕು ಅಂದುಕೊಂಡೆ. ಆ ಹನ್ನೊಂದು ಪುಟಗಳ ಮೇಲೂ ಅಡ್ಡಗೆರೆ ಎಳೆದು 'ಅಪೂರ್ಣ' ಎಂದು ಬರೆದೆ. ನನ್ನ ಕಣ್ಣಿಗಿಂತ ನಿಮ್ಮ ಬಾಯಿಮಾತನ್ನೇ ಹೆಚ್ಚು ನಂಬಿದೆ. ಜನರ ಮಾತಿಗೆ ಬೆಲೆ ಕೊಡಬೇಕೆಂದು ನಮಗೆ ಕಲಿಸಿದ್ದರು.

ಆ ಪುಸ್ತಕವನ್ನೂ ತೋರಿಸಿದೆ. ನಾನೇ ತಿರಸ್ಕರಿಸಿದ್ದನ್ನು ಈಗ ನಾನೇ ಎತ್ತಿ ತಂದರೆ ಯಾರು ಒಪ್ಪುತ್ತಾರೆ? ಮುಖ್ಯಸ್ಥರು ನನ್ನನ್ನು ಹೊರಗೆ ಕರೆದು, ನಿನ್ನ ಹೆಸರನ್ನು ನೀನೇ ಹಾಳು ಮಾಡಿಕೊಳ್ಳಬೇಡ ಎಂದರು.

ಆದರೂ ದಿನಾ ಹೋಗಿ ಬಾಗಿಲು ತಟ್ಟಿ ತಟ್ಟಿ ಒಂದನ್ನು ಒಪ್ಪಿಸಿದ್ದೇನೆ. ಜನವರಿಯಲ್ಲಿ ಒಬ್ಬ ಅಧಿಕಾರಿ ನಿಮ್ಮಲ್ಲಿಗೆ ಬಂದು ಪ್ರತಿಯೊಬ್ಬರನ್ನೂ ನೇರವಾಗಿ ಕೇಳಿ ಬರೆದುಕೊಳ್ಳುತ್ತಾರೆ. ಅವರು ಬರೆದದ್ದೇ ಕೊನೆ. ಉಳಿದಿರುವ ದಾರಿ ಅದೊಂದೇ.

ನಿಮಗೆ ನನ್ನ ಮೇಲೆ ಎಷ್ಟು ಸಿಟ್ಟು ಬಂದರೂ ನ್ಯಾಯವೇ.

ಲೆಕ್ಕದಮ್ಮ

ಡಿಸೆಂಬರ್ ೧೮

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಜಗಲಿಯಲ್ಲಿ ಗಟ್ಟಿಯಾಗಿ ಓದುವಾಗ ಹನ್ನೊಂದು ದಿನದ ವಿಷಯ ಬಂದ ಕೂಡಲೇ ಹಾಳೆ ಮಡಚಿ ಕೆಮ್ಮಿದೆ. ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ಹೇಳಿದರೆ ಇನ್ನು ಯಾವತ್ತೂ ನೀನು ಈ ದಡಕ್ಕೆ ಕಾಲಿಡುವ ಹಾಗಿಲ್ಲ.

ಬಿಸಿಲಿಗೆ ಬಿದ್ದ ನಿನ್ನನ್ನು ಎತ್ತಿ ತಂದವಳು ನಾನು. ತಲೆಗೆ ಒದ್ದೆ ಬಟ್ಟೆ ಕಟ್ಟಿದರೂ ಪುಸ್ತಕ ಬಿಡದೆ ಮುನ್ನೂರ ಎಷ್ಟೋ ಅಂತ ಬಡಬಡಿಸುತ್ತಿದ್ದೆ. ಎಷ್ಟು ಚೆನ್ನಾಗಿ ಎಣಿಸುತ್ತಾಳೆ ಅಂತ ನಾನು ಅತ್ತೆಗೆ ಹೇಳಿದ್ದೆ. ಸಿಟ್ಟು ಬಂದಿದೆ. ಸುಳ್ಳು ಹೇಳುವುದಿಲ್ಲ.

ಜೌಗನ್ನು ನೀನು ಈಗ ನೋಡಬೇಕು. ಕೊಯ್ಯದ ಜೊಂಡು ಒಣಗಿ ಒಂದರ ಮೇಲೊಂದು ಬಿದ್ದು ಕೊಳೆಯುತ್ತಿದೆ. ನಾವು ಕೊಯ್ದಲ್ಲೆಲ್ಲ ನೀರು ತೆರೆದುಕೊಂಡು ಬಾತುಗಳು ಇಳಿಯುತ್ತಿದ್ದವು. ಈ ಸಲ ಹಿಂಡು ಬಂತು, ಎರಡು ದಿನ ಮೇಲೆ ಸುತ್ತಿತು, ಇಳಿಯಲು ನೀರು ಕಾಣದೆ ಹೊರಟುಹೋಯಿತು. ಕಾವಲುಗಾರ ಅದನ್ನು ತನ್ನ ಡೈರಿಯಲ್ಲಿ ಬರೆದಿದ್ದಾನೆ. ಆ ಡೈರಿಯನ್ನು ಯಾರು ಓದುತ್ತಾರೆ ಅಂತ ಕೇಳಿದೆ. ಅವನಿಗೂ ಗೊತ್ತಿಲ್ಲ.

ಯಜಮಾನರು ಎರಡು ವಾರ ಅಂದವರು ಒಂದೇ ಸಲ ಬಂದು ಹೋದರು. ಏಳು ಮನೆ ಬೀಗ ಹಾಕಿವೆ. ಅಧಿಕಾರಿ ಬರುವ ದಿನ ಎಲ್ಲರೂ ಬರುತ್ತೇವೆ ಅಂದಿದ್ದಾರೆ. ನಾನು ದಿನಾ ಸಂಜೆ ಪಾಠ ಮಾಡುತ್ತಿದ್ದೇನೆ. ನಿಂದು ಏಳು, ನಿಂದು ಒಂಬತ್ತು, ಅತ್ತೆ ನಿಮ್ಮದು ನಾಲ್ಕು. ಶಾಲೆಮಕ್ಕಳ ಹಾಗೆ ತಲೆ ಆಡಿಸುತ್ತಾರೆ.

ಅಕ್ಕ

ಜನವರಿ ೪

ಪ್ರೀತಿಯ ಅಕ್ಕ,

ಅಧಿಕಾರಿ ಇಪ್ಪತ್ತೆರಡನೇ ತಾರೀಕು ಬರುತ್ತಾರೆ. ನಾನೂ ಬರುತ್ತೇನೆಂದೆ, ಆಗುವುದಿಲ್ಲವೆಂದರು. ನಾನಿದ್ದರೆ ಹೇಳಿಕೊಟ್ಟ ಹಾಗಾಗುತ್ತದಂತೆ. ಮನೆಯೊಳಗೆ, ಬಾಗಿಲು ಮುಚ್ಚಿ ಕೇಳಿ ಎಂದು ಬರೆದುಕೊಟ್ಟೆ. ಯಾಕೆಂದು ಕೇಳಿದರು, ವಿವರಿಸಿದೆ. ಅವರು ನಗಲಿಲ್ಲ, ಆದರೆ ಒಪ್ಪಲೂ ಇಲ್ಲ. ಸ್ಥಳ ಪರಿಶೀಲನೆ ಅಂದರೆ ಸ್ಥಳದಲ್ಲೇ ಆಗಬೇಕಂತೆ, ಅಂದರೆ ದಡದ ಮೇಲೆ.

ಬರೆಯಲು ಬರುವವರು ತಮ್ಮ ಕೈಯಿಂದಲೇ, ಅಂಕಿಯಲ್ಲಿ ಬೇಡ, ಅಕ್ಷರದಲ್ಲಿ ಬರೆಯಬೇಕು. ಎಲ್ಲರಿಗೂ ಇನ್ನೊಮ್ಮೆ ಹೇಳಿ. ಒಂದು ಸಲ, ಒಂದೇ ಒಂದು ಸಲ ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಸಾಕು. ನನಗೆ ಬೇರೇನೂ ಮಾಡಲು ತೋಚುತ್ತಿಲ್ಲ. ಈ ಗೋಡೆ ನೋಡುತ್ತಾ ಕೂತಿದ್ದೇನೆ.

ಲೆಕ್ಕದಮ್ಮ

ಫೆಬ್ರವರಿ ೧೦

ಅಕ್ಕ,

ಇವತ್ತು ಕಡತ ನನ್ನ ಮೇಜಿಗೆ ಬಂತು. ಮುಖ್ಯಸ್ಥರು ತಾವೇ ತಂದಿಟ್ಟು ಹೋದರು.

ಮೊದಲ ಹೆಸರು ಅತ್ತೆಯವರದು, ಇಪ್ಪತ್ತು. ಆಮೇಲೆ ಹದಿನಾಲ್ಕು, ಹದಿನೆಂಟು, ಹದಿನಾರು. ಪುಟ ತಿರುವುತ್ತಾ ಹೋದೆ. ಹಳೆಯ ಪಟ್ಟಿಯನ್ನೇ ನಕಲು ಮಾಡಿದ ಹಾಗಿತ್ತು. ನಿಮ್ಮ ಹೆಸರು ಮೂವತ್ತೊಂದನೆಯದು. ನಿಮ್ಮ ದುಂಡು ಅಕ್ಷರ ನನಗೆ ಎಲ್ಲಿದ್ದರೂ ಗುರುತು ಸಿಗುತ್ತದೆ. ಹದಿನಾರು ಎಂದು ಬರೆದಿದ್ದೀರಿ. ಕೆಳಗೆ ನಿಮ್ಮ ಸಹಿ ಇದೆ.

ನೀವೂ ಯಾಕೆ, ಅಕ್ಕ? ಉಳಿದವರದು ನನಗೆ ಅರ್ಥವಾಗುತ್ತದೆ. ಎಲ್ಲವನ್ನೂ ತಿಳಿದವರು ನೀವು. ನಲವತ್ತೈದು ಜನಕ್ಕೆ ಪಾಠ ಮಾಡಿದವರು. ನೀವೊಬ್ಬರಾದರೂ ಎಂಟು ಎಂದಿದ್ದರೆ ಆ ಒಂದು ಸಾಲನ್ನು ಹಿಡಿದುಕೊಂಡು ನಾನು ಎಲ್ಲಿಗಾದರೂ ಹೋಗುತ್ತಿದ್ದೆ. ಈಗ ನನ್ನ ಬಳಿ ಏನಿದೆ? ನಿಷೇಧ ಕಾಯಂ ಆಗುತ್ತದೆ, ಆದೇಶ ಬರೆಯುತ್ತಿದ್ದಾರೆ.

ಯಾಕೆಂದು ಹೇಳಿ. ದಯವಿಟ್ಟು ಹೇಳಿ.

ಲೆಕ್ಕದಮ್ಮ

ಫೆಬ್ರವರಿ ೧೧

ಲೆಕ್ಕದಮ್ಮನಿಗೆ,

ಮೂರು ವಾರವಾಯಿತು, ಬರೆಯಬೇಕೆಂದು ಕೂತು ಎದ್ದು ಮಾಡುತ್ತಿದ್ದೇನೆ. ನಿನಗೆ ಆ ಕಾಗದಗಳನ್ನು ಯಾರೂ ತೋರಿಸಿರಲಾರರು. ನನ್ನಿಂದಲೇ ಕೇಳಿಬಿಡು.

ಅಧಿಕಾರಿ ಮರ್ಯಾದಸ್ಥ. ಮಡಚುವ ಕುರ್ಚಿ ತಂದಿದ್ದರು, ದಡದ ಮೇಲೆ ಹಾಕಿ ಜೌಗಿಗೆ ಬೆನ್ನು ಮಾಡಿ ಕೂತರು. ಅವರ ಮುಂದೆ ನಿಂತವರಿಗೆ ಜೌಗು ಪೂರ್ತಿ ಕಣ್ಣೆದುರಿಗೆ. ಒಳಗೆ ಬನ್ನಿ, ಚಹಾ ಕುಡಿಯುತ್ತಾ ಬರೆದುಕೊಳ್ಳಿ ಅಂತ ಎರಡು ಸಲ ಕರೆದೆ, ಬರಲಿಲ್ಲ. ಜೊಂಡು ಆಳೆತ್ತರ ನಿಂತು ಅರ್ಧಕ್ಕರ್ಧ ಕೊಳೆತಿತ್ತು. ಆ ಸ್ಥಿತಿಯಲ್ಲಿ ಅದನ್ನು ನೋಡುವುದೇ ಕಷ್ಟ.

ಮೊದಲು ಅತ್ತೆಯನ್ನು ಕರೆದರು. ಅತ್ತೆ ಬಹಳ ಹೊತ್ತು ನೀರು ನೋಡಿದರು. ಇಪ್ಪತ್ತು ಅಂದರು. ಅಧಿಕಾರಿಗೂ ಪಾಪ ಅನಿಸಿರಬೇಕು, ನಾವು ಕಳಿಸಿದ್ದ ಹೆಬ್ಬೆಟ್ಟಿನ ಹಾಳೆ ನೋಡಿ ಪೆನ್ನು ಕೆಳಗಿಟ್ಟರು.

"ಅಜ್ಜಿ, ಸರಿಯಾಗಿ ನೆನಪು ಮಾಡ್ಕೊಳ್ಳಿ. ನಾಲ್ಕಾ, ಇಪ್ಪತ್ತಾ?"

"ಇಪ್ಪತ್ತಪ್ಪ. ಅದು ನಮಗೆ ಯಾವತ್ತೂ ಕಮ್ಮಿ ಕೊಟ್ಟಿಲ್ಲ. ಈಗ ಹಿಂಗೆ ಬಿದ್ದಿದೆ ಅಂತ ಅದರ ಮುಖದ ಮೇಲೆ ಕಮ್ಮಿ ಅನ್ನಲಾ?"

ಅಲ್ಲಿಗೆ ನನ್ನ ಪಾಠವೆಲ್ಲ ನೀರಿಗೆ ಹೋಯಿತು. ಅವರ ಹಿಂದೆ ನಿಂತವರು ಒಬ್ಬೊಬ್ಬರೇ ಹೋಗಿ ಹಳೆಯದನ್ನೇ ಹೇಳಿದರು. ನಮ್ಮ ಯಜಮಾನರು ಪೇಟೆಯಿಂದ ಅದಕ್ಕೆಂದೇ ಬಂದವರು, ಅವರೂ ಹದಿನೆಂಟು ಅಂದರು.

ಆಮೇಲೆ ನನ್ನ ಸರದಿ. ನಾನು ಎಂಟು ಅಂದೆ. ಗಟ್ಟಿಯಾಗಿಯೇ ಅಂದೆ, ಹಾಗೇ ಬರೆದೆ. ಪೆನ್ನು ಸರಿಯಾಗಿ ಬರೆಯುತ್ತಿರಲಿಲ್ಲ, ಎರಡು ಸಲ ಒತ್ತಿ ಬರೆದೆ. ಆದರೆ ನನ್ನೊಬ್ಬಳ ಮಾತಿನಿಂದ ಏನಾಗುತ್ತದೆ? ಅಷ್ಟು ಜನರ ಎದುರು ಒಬ್ಬಳು ಹೇಳಿದ್ದು ಸುಳ್ಳು ಅಂತಲೇ ಲೆಕ್ಕ. ನಿನಗೆ ಕೊಟ್ಟ ಮಾತನ್ನು ನಾನು ಉಳಿಸಿಕೊಂಡಿದ್ದೇನೆ, ಅಷ್ಟು ತಿಳಿದಿರಲಿ. ನಾನೂ ಕೈಬಿಟ್ಟೆ ಅಂತ ನೀನು ಅಂದುಕೊಂಡರೆ ನನಗೆ ತಡೆಯಲಾಗುವುದಿಲ್ಲ.

ನಾಳೆ ನಾವೂ ಹೊರಡುತ್ತೇವೆ. ಗೋದಾಮಿನ ಹಿಂದೆ ಒಂದು ಕೋಣೆ ಸಿಕ್ಕಿದೆ. ಅತ್ತೆ ಗಂಟು ಕಟ್ಟಿಕೊಂಡು ಆಗಲೇ ದೋಣಿಯಲ್ಲಿ ಕೂತು ನೋಡಿದರು, ಜಾಗ ಸಾಲುತ್ತದೋ ಇಲ್ಲವೋ ಅಂತ. ಕಾವಲುಗಾರ ಅಳುತ್ತಿದ್ದಾನೆ, ಇನ್ನು ಅವನಿಗೆ ಊಟ ಹಾಕುವವರು ಯಾರು? ಹೊಸ ವಿಳಾಸ ಲಕೋಟೆಯ ಹಿಂದೆ ಬರೆದಿದ್ದೇನೆ. ಅಲ್ಲಿಗೆ ಬರೆ. ಬರೆಯುವುದನ್ನು ಮಾತ್ರ ನಿಲ್ಲಿಸಬೇಡ.

ಅಕ್ಕ

ಫೆಬ್ರವರಿ ೨೦

ಪ್ರೀತಿಯ ಅಕ್ಕ,

ನಿಮ್ಮ ಪತ್ರ ಈಗಷ್ಟೇ ಕೈಗೆ ಬಂತು. ಮೊದಲು ಒಂದು ಮಾತು. ಹತ್ತನೇ ತಾರೀಕು ನಾನು ಜೌಗಿನ ವಿಳಾಸಕ್ಕೆ ಒಂದು ಪತ್ರ ಹಾಕಿದ್ದೆ. ಅದು ಅಲ್ಲಿಗೆ ಹೋಗಿ, ನೀವಿಲ್ಲವೆಂದು ತಿಳಿದು, ದೋಣಿಯವನು ತಿರುಗಿ ಪೇಟೆಗೆ ಕಳಿಸುವಷ್ಟರಲ್ಲಿ ಇನ್ನೂ ಕೆಲವು ದಿನವಾಗಬಹುದು. ಈ ಪತ್ರ ಮೊದಲು ಸಿಗಲಿ ಎಂದು ಊಟಕ್ಕೂ ಹೋಗದೆ ಬರೆಯುತ್ತಿದ್ದೇನೆ. ಅದು ಬಂದರೆ ಒಡೆಯದೆ ಹರಿದುಹಾಕಿ. ಆಗಲೇ ಒಡೆದು ಓದಿದ್ದರೆ, ಓದಿದ್ದನ್ನು ನಂಬಬೇಡಿ. ಗಾಬರಿಯಲ್ಲಿ ಕಡತವನ್ನು ಸರಿಯಾಗಿ ನೋಡದೆ ಬರೆದುಬಿಟ್ಟೆ. ನನ್ನ ಓದು ಎಂಥದ್ದೆಂದು ನಿಮಗೆ ಗೊತ್ತೇ ಇದೆ.

ಆದೇಶ ಮೊನ್ನೆ ಹೊರಬಿತ್ತು. ಇನ್ನು ನಾನು ತಟ್ಟಬಹುದಾದ ಬಾಗಿಲು ಯಾವುದೂ ಉಳಿದಿಲ್ಲ. ನಿಮಗೆ ಕೊಡಲು ನನ್ನ ಬಳಿ ಒಳ್ಳೆಯ ಸುದ್ದಿಯೂ ಇಲ್ಲ, ಸಮಾಧಾನವೂ ಇಲ್ಲ. ಪೇಟೆಯ ಆ ಕೋಣೆಯಲ್ಲಿ ಅತ್ತೆಯವರು ಹೇಗೆ ಕೂರುತ್ತಾರೋ, ಏನು ನೋಡುತ್ತಾ ಕೂರುತ್ತಾರೋ ಎಂದು ಯೋಚಿಸಿ ಕೈ ಚೆಲ್ಲಿ ಕೂತಿದ್ದೇನೆ. ಬರೆಯುವುದನ್ನು ಮಾತ್ರ ನಿಲ್ಲಿಸುವುದಿಲ್ಲ.

ಕಡತವನ್ನು ಇವತ್ತು ಇನ್ನೊಮ್ಮೆ ತರಿಸಿ, ಬೆಳಕಿಗೆ ಹಿಡಿದು ನೋಡಿದೆ. ಮೂವತ್ತೊಂದನೆಯ ಸಾಲು. ಪೆನ್ನು ಸರಿಯಿರಲಿಲ್ಲ ಎಂದಿರಲ್ಲ, ನಿಜ, ಎರಡು ಸಲ ಒತ್ತಿ ಬರೆದದ್ದು ಕಾಣುತ್ತದೆ. ಎಂಟು ಎಂದೇ ಇದೆ, ಅಕ್ಕ. ನಾನೇ ಕಣ್ಣಾರೆ ನೋಡಿದೆ.

ನಿಮ್ಮ ಲೆಕ್ಕದಮ್ಮ